ಭೂಮಿಗೂ ಮಂಗಳನಿಗೂ ನಡುವೆ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ, ಈ ಮೂರು ತಾಲೂಕುಗಳ ಇಪ್ಪತ್ತೆರಡು ಶಾಲೆಗಳ ಗೋಡೆಯ ಮೇಲೆ ನಾನು ಸೌರಮಂಡಲ ಬರೆದಿದ್ದೆ. ಇಪ್ಪತ್ತೆರಡರಲ್ಲೂ ಒಂದೇ ತಪ್ಪು ಇತ್ತು. ಬೇರೆ ಬೇರೆ ತಪ್ಪಾಗಿದ್ದರೆ ಇಷ್ಟು ನಾಚಿಕೆ ಆಗುತ್ತಿರಲಿಲ್ಲ. ಕೈ ತಪ್ಪಿತು ಎಂದು ಹೇಳಿಕೊಳ್ಳಬಹುದಿತ್ತು. ಒಂದೇ ತಪ್ಪನ್ನು ಇಪ್ಪತ್ತೆರಡು ಸಲ, ಒಳ್ಳೆಯ ಬಣ್ಣದಲ್ಲಿ, ಗೆರೆ ಅಲುಗದಂತೆ ನೀಟಾಗಿ ಬರೆಯಬೇಕಾದರೆ ಸ್ವಲ್ಪ ಸೊಕ್ಕು ಬೇಕಾಗುತ್ತದೆ. ಅದು ನನ್ನಲ್ಲಿ ಬೇಕಾದಷ್ಟಿತ್ತು.

ನಾನು ಬೋರ್ಡ್ ಬರೆಯುವವನು. ಮೆಲ್ಕಾರಿನಿಂದ ಸ್ವಲ್ಪ ಒಳಗೆ ನಮ್ಮ ಮನೆ. ಒಂದು ಕಾಲದಲ್ಲಿ ಮೆಲ್ಕಾರಿನಲ್ಲಿ ಬಸ್ಸಿಳಿದು ಸುತ್ತ ಕಣ್ಣು ಹಾಯಿಸಿದರೆ ಕಾಣುವ ಅರ್ಧ ಬೋರ್ಡುಗಳು ನನ್ನ ಕೈಯವೇ ಆಗಿದ್ದವು: ಬಟ್ಟೆ ಅಂಗಡಿ, ಬೇಕರಿ, ಹಾರ್ಡ್‌ವೇರ್, ಕ್ಲಿನಿಕ್ಕು. ಫ್ಲೆಕ್ಸ್ ಬಂದು ಆ ಕೆಲಸವನ್ನೆಲ್ಲ ನುಂಗಿ ಹಾಕಿತು. ಮೆಷಿನ್ನಿನಿಂದ ಅರ್ಧ ಗಂಟೆಯಲ್ಲಿ ಬೋರ್ಡು ಹೊರಬರುವಾಗ ನನ್ನ ಎರಡು ದಿನದ ಅಕ್ಷರ ಯಾರಿಗೆ ಬೇಕು? ಫ್ಲೆಕ್ಸನ್ನು ನಾನು ಬೈದಷ್ಟು ಈ ಜಿಲ್ಲೆಯಲ್ಲಿ ಬೇರೆ ಯಾರೂ ಬೈದಿರಲಿಕ್ಕಿಲ್ಲ. ಆ ಹೊತ್ತಿಗೆ ನನ್ನ ಕೈಹಿಡಿದದ್ದು ಶಾಲೆಯ ಗೋಡೆಗಳು. ಹಳೆ ವಿದ್ಯಾರ್ಥಿಗಳು, ಊರಿನ ದಾನಿಗಳು ಸರಕಾರಿ ಶಾಲೆಗಳಿಗೆ ಬಣ್ಣ ಕೊಡಿಸುವುದು ಶುರುವಾಗಿತ್ತು. ಬಣ್ಣ ಬಳಿದ ಮೇಲೆ ಗೋಡೆಯನ್ನು ಖಾಲಿ ಬಿಡಲು ಯಾರಿಗೂ ಮನಸ್ಸು ಬರುವುದಿಲ್ಲ.

ಶಾಲೆಯವರು ಮೊದಲು ಕೇಳುವುದು ಆನೆ, ನವಿಲು, ಜಿಂಕೆ. ನನಗೆ ಅದು ಆಗುವುದಿಲ್ಲ. ನಾನು ಮೊದಲ ಸಲ ಬ್ರಷ್ ಹಿಡಿದಾಗ ನನ್ನ ಅಜ್ಜಿ ಹತ್ತಿರ ಕರೆದು, ಅಕ್ಷರ ಬರಿ, ಹೂ ಬಳ್ಳಿ ಬರಿ, ಆದರೆ ಕಣ್ಣಿರುವ ಯಾವುದನ್ನೂ ಬರೆಯಬೇಡ ಎಂದು ಮಾತು ತೆಗೆದುಕೊಂಡಿದ್ದರು. ಜೀವ ಕೊಡುವವನು ಮೇಲಿನವನು, ಆ ಕೆಲಸಕ್ಕೆ ನಾವು ಕೈ ಹಾಕಬಾರದು ಎಂಬುದು ಅವರ ನಂಬಿಕೆ. ನಾನು ಅಜ್ಜಿಯ ಎಲ್ಲ ಮಾತು ಕೇಳಿದವನಲ್ಲ, ಇದೊಂದನ್ನು ಮಾತ್ರ ಉಳಿಸಿಕೊಂಡಿದ್ದೇನೆ. ಗ್ರಹಗಳಿಗೆ ಕಣ್ಣಿಲ್ಲ. ಹಾಗಾಗಿ ಹೋದಲ್ಲೆಲ್ಲ, "ಆನೆ ಎಂತಕ್ಕೆ ಮಾಷ್ಟ್ರೇ, ಸೌರಮಂಡಲ ಬರೀತೇನೆ, ಮಕ್ಕಳಿಗೆ ಪಾಠಕ್ಕೂ ಆಗ್ತದೆ" ಎಂದು ಹೇಳಿ ಒಪ್ಪಿಸುತ್ತಿದ್ದೆ. ಆನೆಗಿಂತ ಸೌರಮಂಡಲ ಸುಲಭ ಎಂಬುದೂ ಒಂದು ಕಾರಣ. ಮೊಳೆ, ದಾರ, ಚಾಕ್ ಇದ್ದರೆ ಗ್ರಹಗಳು ತಾವಾಗಿ ಉರುಟಾಗುತ್ತವೆ.

ಮೊದಲನೆಯದು ಬರೆದದ್ದು ಕೊಕ್ಕಡದ ಕಡೆಯ ಒಂದು ಶಾಲೆಯಲ್ಲಿ. ಉದ್ದದ ಜಗಲಿ. ಎಡಗಡೆ ಬಾಗಿಲ ಪಕ್ಕದಲ್ಲಿ ಅರ್ಧ ಸೂರ್ಯ, ಅಲ್ಲಿಂದ ಸಾಲಾಗಿ ಬುಧ, ಶುಕ್ರ, ಭೂಮಿ, ಮಂಗಳ. ಅಲ್ಲಿನ ಹೆಡ್‌ಮಾಷ್ಟ್ರು ಪಾಠಪುಸ್ತಕದ ಪುಟ ತೆರೆದು ಕೈಗೆ ಕೊಟ್ಟಿದ್ದರು. ಪುಸ್ತಕದಲ್ಲಿ ಮಂಗಳ ಮುಗಿದ ಮೇಲೆ ಸಣ್ಣ ಸಣ್ಣ ಚುಕ್ಕಿಗಳ ಒಂದು ಪಟ್ಟಿ, ಅದರ ಆಚೆ ಗುರು. ಗೋಡೆಯಲ್ಲಿ ಮಂಗಳ ಮುಗಿದ ಮೇಲೆ ಒಂದು ಕಿಟಕಿ. ಆಚೆ ಬದಿಯಿಂದ ಗುರುವನ್ನು ಶುರು ಮಾಡಬಹುದಿತ್ತು, ಆದರೆ ಚುಕ್ಕಿಗಳಿಗೆ ಜಾಗ ಇರಲಿಲ್ಲ. ಇತ್ತ ಭೂಮಿಗೂ ಮಂಗಳನಿಗೂ ನಡುವೆ ಒಂದೂವರೆ ಅಡಿ ಗೋಡೆ ಖಾಲಿ ಬಿದ್ದಿತ್ತು. ಚುಕ್ಕಿ ತಾನೆ, ಎಲ್ಲಿ ಹಾಕಿದರೇನು ಎಂದುಕೊಂಡೆ. ಪುಸ್ತಕ ಮಡಚಿ ಬೆಂಚಿನ ಮೇಲಿಟ್ಟು ಚುಕ್ಕಿಗಳನ್ನೆಲ್ಲ ಅಲ್ಲಿ ಸುರಿದೆ. ಕೆಳಗೆ ಚಂದದ ಅಕ್ಷರದಲ್ಲಿ "ಕ್ಷುದ್ರಗ್ರಹಗಳು" ಎಂದು ಬರೆದೆ. ಆ ಒತ್ತಕ್ಷರಗಳ ಬಗ್ಗೆ ನನಗೆ ಈಗಲೂ ಹೆಮ್ಮೆ ಉಂಟು.

ಕೆಲಸ ಮುಗಿದ ಮೇಲೆ ಮೊಬೈಲಿನಲ್ಲಿ ಒಂದು ಫೋಟೋ ತೆಗೆದೆ. ಸಂಜೆಯ ಓರೆ ಬೆಳಕು ಬಿದ್ದು ಫೋಟೋ ಅದ್ಭುತವಾಗಿ ಬಂತು. ಆಮೇಲಿನ ಶಾಲೆಗಳಿಗೆಲ್ಲ ನಾನು ತೋರಿಸುತ್ತಿದ್ದದ್ದು ಅದೇ. ಅವರು "ಇದೇ ಬೇಕು" ಎನ್ನುತ್ತಿದ್ದರು, ನಾನು ಅದನ್ನೇ ನೋಡಿ ಬರೆಯುತ್ತಿದ್ದೆ. ಪುಸ್ತಕವನ್ನು ಮತ್ತೆ ಯಾರೂ ಕೊಡಲಿಲ್ಲ, ನಾನೂ ಕೇಳಲಿಲ್ಲ. ಕಿಟಕಿಯೇ ಇಲ್ಲದ ಗೋಡೆಗಳ ಮೇಲೂ ಆ ಕಿಟಕಿಯ ತಪ್ಪು ಹೋಗಿ ಕೂತಿತು. ನಮ್ಮೂರಿನ ಶಾಲೆಯಲ್ಲೂ ಬರೆದೆ. ಆಗ ನನ್ನ ಮಗಳು ಅಲ್ಲಿ ನಾಲ್ಕನೇ ಕ್ಲಾಸು. ಗೆಳತಿಯರನ್ನು ಕರೆದುಕೊಂಡು ಬಂದು ಏಣಿಯ ಕೆಳಗೆ ನಿಲ್ಲಿಸಿ, ನಾನು ಬರೆಯುವುದನ್ನು ತೋರಿಸಿದ್ದಳು. ಆ ದಿನ ನನಗೆ ಆದಷ್ಟು ಸಂತೋಷ ಮೆಲ್ಕಾರಿನ ಯಾವ ಬೋರ್ಡು ಬರೆದಾಗಲೂ ಆಗಿರಲಿಲ್ಲ.

ಅವಳು ಏಳನೇ ಕ್ಲಾಸಿಗೆ ಬಂದ ವರ್ಷ ಹತ್ತಿರದ ಶಾಲೆಗಳಿಗೆಲ್ಲ ಸೇರಿ ಒಂದು ರಸಪ್ರಶ್ನೆ ಸ್ಪರ್ಧೆ ನಡೆಯಿತು. ನಮ್ಮ ಶಾಲೆಯಿಂದ ಹೋದ ಇಬ್ಬರಲ್ಲಿ ಅವಳೂ ಒಬ್ಬಳು. ನಾನು ಆ ದಿನ ಬೆಳ್ತಂಗಡಿಯಲ್ಲಿ ಕೆಲಸದಲ್ಲಿದ್ದೆ. ಸಂಜೆ ಬಂದು ನೋಡಿದರೆ ಮಗಳು ಕೋಣೆಯೊಳಗೆ ಗೋಡೆಗೆ ಮುಖ ಮಾಡಿ ಮಲಗಿದ್ದಾಳೆ, ಚಾ ಕುಡಿದಿಲ್ಲ, ಯಾರ ಹತ್ತಿರವೂ ಮಾತಿಲ್ಲ. ನಡೆದದ್ದನ್ನು ಅವಳ ಕ್ಲಾಸ್ ಟೀಚರ್ ಫೋನ್ ಮಾಡಿ ನನ್ನ ಹೆಂಡತಿಗೆ ಹೇಳಿದ್ದರು. ಹೆಂಡತಿ ನನಗೆ ಹೇಳಿದಳು. (ಮನೆಯಲ್ಲಿ ನಾವು ಆಡುವುದು ಬ್ಯಾರಿ ಭಾಷೆ. ಇಲ್ಲಿ ಬರೆದದ್ದು ಅದರ ಕನ್ನಡ. ಅಪ್ಪನಿಗೆ ಉಪ್ಪ ಎನ್ನುವುದನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ.)

ಎರಡು ಶಾಲೆಗಳು ಸಮ ಬಂದಿದ್ದವು. ಕೊನೆಯ ಪ್ರಶ್ನೆ ನಮ್ಮ ಮಗಳಿಗೆ: ಕ್ಷುದ್ರಗ್ರಹಗಳ ಪಟ್ಟಿ ಯಾವ ಎರಡು ಗ್ರಹಗಳ ನಡುವೆ ಇದೆ? ಇವಳು ಯೋಚಿಸಲೇ ಇಲ್ಲ. "ಭೂಮಿ ಮತ್ತು ಮಂಗಳ" ಎಂದಳು. ಪ್ರಶ್ನೆ ಕೇಳುತ್ತಿದ್ದವರು ಮೂಡುಬಿದಿರೆಯ ಒಬ್ಬ ನಿವೃತ್ತ ವಿಜ್ಞಾನದ ಮಾಷ್ಟ್ರು. ತಪ್ಪು ಎಂದರು. ಇವಳು ಒಪ್ಪಲಿಲ್ಲ. ಸರಿ ಉಂಟು ಸರ್ ಎಂದಳು. ಅಲ್ಲಮ್ಮಾ, ತಪ್ಪು ಎಂದು ಅವರು ಮತ್ತೊಮ್ಮೆ ಹೇಳಿದಾಗ ಎದ್ದು ನಿಂತು, "ನಮ್ಮ ಶಾಲೆಯ ಗೋಡೆಯಲ್ಲಿ ಉಂಟು ಸರ್, ನನ್ನ ಉಪ್ಪ ಬರೆದದ್ದು" ಎಂದಳಂತೆ. ಮಕ್ಕಳೆಲ್ಲ ಹೋ ಎಂದು ನಕ್ಕರು. ನಮ್ಮ ಶಾಲೆ ಸೋತಿತು. ಬರುವಾಗ ಆಟೋದಲ್ಲಿ ಜೊತೆಯ ಹುಡುಗಿಯೂ ಮಾತಾಡಲಿಲ್ಲವಂತೆ.

ನನ್ನ ಉಪ್ಪ ಬರೆದದ್ದು ಎಂಬ ಮಾತು ಕೇಳಿ ನನಗೆ ಅಳು ಬಂತು. ಅದರ ಹಿಂದೆಯೇ ಕೋಪ ಬಂತು. ಕೋಪ ನನಗೆ ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತದೆ. ಯಾರು ಆ ಮಾಷ್ಟ್ರು, ಮಗುವನ್ನು ಸಭೆಯಲ್ಲಿ ನಗೆಪಾಟಲು ಮಾಡುವುದಾ, ಇಪ್ಪತ್ತೆರಡು ಶಾಲೆಯಲ್ಲಿ ಇರುವುದು ಸುಳ್ಳಾ ಎಂದು ಕೂಗಾಡಿದೆ. ಪಕ್ಕದ ಕೋಣೆಯಲ್ಲಿ ಮಗಳ ಚೀಲ ಇತ್ತು, ಅದರೊಳಗೆ ಪುಸ್ತಕ ಇತ್ತು. ತೆರೆದು ನೋಡುವ ಬುದ್ಧಿ ಮಾತ್ರ ಬರಲಿಲ್ಲ. ಮರುದಿನ ಬೆಳಿಗ್ಗೆ ಟೀಚರಿಂದ ವಿಳಾಸ ಕೇಳಿಕೊಂಡು ಸ್ಕೂಟರ್ ಹತ್ತಿ ಸೀದಾ ಮೂಡುಬಿದಿರೆಗೆ ಹೋದೆ.

ಮಾಷ್ಟ್ರು ಅಂಗಳದಲ್ಲಿ ಪೇಪರ್ ಓದುತ್ತಿದ್ದರು. ನಿನ್ನೆಯ ಹುಡುಗಿಯ ಅಪ್ಪ ಎಂದು ಪರಿಚಯ ಹೇಳಿದೆ. ಕೂತುಕೊಳ್ಳಿ ಎಂದರು. ಕೂರಲಿಲ್ಲ. ಮೊಬೈಲ್ ತೆಗೆದು ಆ ಫೋಟೋ ಮುಖಕ್ಕೆ ಹಿಡಿದೆ.

"ಇದು ಎಂತದು ಮಾಷ್ಟ್ರೇ? ಇಲ್ಲಿ ನೋಡಿ. ಭೂಮಿ, ಮಂಗಳ, ನಡುವೆ ಚುಕ್ಕಿ. ಒಂದು ಶಾಲೆ ಅಲ್ಲ, ಇಪ್ಪತ್ತೆರಡು ಶಾಲೆಯಲ್ಲಿ ಉಂಟು."

ಅವರು ಕನ್ನಡಕ ಸರಿ ಮಾಡಿಕೊಂಡು ಬಹಳ ಹೊತ್ತು ನೋಡಿದರು. "ಚಂದ ಉಂಟು" ಎಂದರು. "ಯಾರು ಬರ್ದದ್ದು?"

"ನಾನು."

"ನೀವು ಎಂತದನ್ನು ನೋಡಿ ಬರ್ದದ್ದು?"

ಬಾಯಿ ತೆರೆದೆ. ಪುಸ್ತಕ ನೋಡಿ ಎಂದು ಹೇಳಬೇಕು ಎನ್ನುವಷ್ಟರಲ್ಲಿ ಕೊಕ್ಕಡದ ಆ ಜಗಲಿ, ಕಿಟಕಿ, ಬೆಂಚಿನ ಮೇಲೆ ಮಡಚಿಟ್ಟ ಪುಸ್ತಕ ಎಲ್ಲ ಒಟ್ಟಿಗೆ ನೆನಪಿಗೆ ಬಂದವು. ನಾನು ಸಾಕ್ಷಿಗೆಂದು ತಂದದ್ದು ನನ್ನದೇ ಕೈಬರಹ. ಆಗ ಕೂತೆ.

"ಕಿಟಕಿ ಇತ್ತು ಮಾಷ್ಟ್ರೇ" ಎಂದೆ. "ಜಾಗ ಇರ್ಲಿಲ್ಲ. ಚುಕ್ಕಿ ಅಲ್ವಾ ಅಂತ ಈಚೆ ಹಾಕಿದೆ."

ಅವರು ನಗಲಿಲ್ಲ. ನಕ್ಕಿದ್ದರೆ ಎದ್ದು ಬಂದುಬಿಡುತ್ತಿದ್ದೆನೋ ಏನೋ. ಒಳಗೆ ಹೋಗಿ ಚಾ ತಂದು ಕೊಟ್ಟು, ಪೇಪರ್ ಮಡಚಿಟ್ಟು, ನನ್ನನ್ನು ಎಂಟನೇ ಕ್ಲಾಸಿನಲ್ಲಿ ಕೂರಿಸಿದ ಹಾಗೆ ಶುರು ಮಾಡಿದರು.

"ಮೊದಲು ಎಂತ ಇತ್ತು ಹೇಳಿ? ಸೂರ್ಯನೂ ಇಲ್ಲ, ಭೂಮಿಯೂ ಇಲ್ಲ. ಬರೀ ಒಂದು ಮೋಡ, ಅನಿಲ ಮತ್ತು ಧೂಳಿನದ್ದು. ನಾನೂರ ಅರವತ್ತು ಕೋಟಿ ವರ್ಷದ ಹಿಂದಿನ ಮಾತು. ಅದು ತನ್ನ ಭಾರಕ್ಕೇ ಒಳಗೆ ಕುಸೀಲಿಕ್ಕೆ ಸುರುವಾಯ್ತು. ಕುಸಿದು ಸಣ್ಣ ಆದ ಹಾಗೆ ಜೋರು ತಿರುಗ್ತದೆ, ತಿರುಗಿದ ಹಾಗೆ ಚಪ್ಪಟೆ ಆಗ್ತದೆ. ಒದ್ದೆ ಕೊಡೆ ತಿರುಗಿಸಿದ್ರೆ ನೀರು ಸುತ್ತಲೂ ಹಾರುದಿಲ್ವಾ, ಸುಮಾರು ಹಾಗೆ. ನಡುವೆ ರಾಶಿ ಬಿದ್ದದ್ದು ಸೂರ್ಯ ಆಯ್ತು. ನೂರರಲ್ಲಿ ತೊಂಬತ್ತೊಂಬತ್ತು ಪಾಲಿಗಿಂತ ಹೆಚ್ಚು ಅವನೇ ತಕೊಂಡ. ಉಳಿದ ಚೂರುಪಾರಿನಲ್ಲಿ ಭೂಮಿ, ಗುರು, ಶನಿ, ನೀವು, ನಾನು ಎಲ್ಲ."

"ಚೂರು ಹೇಗೆ ಉರುಟಾಗುದು?"

"ನೀವು ಪೈಂಟಿನವರು. ಪುಡಿಗೆ ನೀರು ಹಾಕಿ ಕಲಸುವಾಗ ಗಂಟು ಕಟ್ಟುದಿಲ್ವಾ? ಧೂಳಿಗೆ ಧೂಳು ಅಂಟಿ ಹರಳು, ಹರಳಿಗೆ ಹರಳು ಸೇರಿ ಕಲ್ಲು, ಕಲ್ಲು ಸೇರಿ ಗುಡ್ಡ. ಗುಡ್ಡ ದೊಡ್ಡದಾದ ಮೇಲೆ ಅದಕ್ಕೇ ಸೆಳೆತ ಬರ್ತದೆ, ಮತ್ತೆ ಸುತ್ತಲಿನದ್ದನ್ನು ಅದೇ ಎಳ್ಕೊಳ್ತದೆ. ಸೂರ್ಯನ ಹತ್ತಿರ ಭಯಂಕರ ಬಿಸಿ. ಅಲ್ಲಿ ಕಲ್ಲು, ಕಬ್ಬಿಣ ಮಾತ್ರ ಗಟ್ಟಿಯಾಗಿ ಉಳೀಲಿಕ್ಕೆ ಸಾಧ್ಯ. ಅದಕ್ಕೇ ಬುಧನಿಂದ ಮಂಗಳನವರೆಗೆ ನಾಲ್ಕೂ ಕಲ್ಲಿನ ಗ್ರಹ, ನಾಲ್ಕೂ ಸಣ್ಣದು. ದೂರದಲ್ಲಿ ಚಳಿ, ಅಲ್ಲಿ ನೀರೂ ಮಂಜುಗಡ್ಡೆಯಾಗಿ ಉಳೀತದೆ. ಸಾಮಾನು ಜಾಸ್ತಿ ಸಿಕ್ತು, ಗ್ರಹ ದೊಡ್ಡದಾಯ್ತು. ಗುರು ಎಲ್ಲರಿಗಿಂತ ಬೇಗ ದೊಡ್ಡದಾಗಿ ಅನಿಲವನ್ನೂ ಬಾಚಿಕೊಂಡ."

ಅಲ್ಲಿಗೆ ನಿಲ್ಲಿಸಿ ನನ್ನ ಮೊಬೈಲನ್ನು ಕೈಗೆ ತೆಗೆದುಕೊಂಡರು. ಮಂಗಳ ಮತ್ತು ಗುರುವಿನ ನಡುವಿನ ಕಿಟಕಿಯ ಮೇಲೆ ಬೆರಳಿಟ್ಟರು.

"ಇಲ್ಲಿಯೂ ಒಂದು ಗ್ರಹ ಆಗ್ಬಹುದಿತ್ತು. ಗುರು ಬಿಡ್ಲಿಲ್ಲ. ಅವನು ಎಳೆದೆಳೆದು ಆ ಕಲ್ಲುಗಳ ಓಟ ಜೋರು ಮಾಡಿದ. ಮೆಲ್ಲ ತಾಗಿದ್ರೆ ಸೇರ್ತದೆ, ಜೋರು ಬಡಿದ್ರೆ ಒಡೀತದೆ. ಎಷ್ಟೋ ಕಲ್ಲು ದಿಕ್ಕಾಪಾಲಾಗಿ ಹೋಯ್ತು. ಉಳಿದದ್ದು ನಿಮ್ಮ ಚುಕ್ಕಿ. ಎಲ್ಲ ಒಟ್ಟು ಮಾಡಿದ್ರೂ ನಮ್ಮ ಚಂದ್ರನಷ್ಟು ಆಗುದಿಲ್ಲ. ಈಗ ನೀವು ಅದನ್ನು ತಂದು ಭೂಮಿಯ ಬದಿಯಲ್ಲಿ ಹಾಕಿದ್ರೆ ಗುರು ಎಂತ ಮಾಡುದು ಮಾರಾಯ್ರೇ?"

ಈ ಸಲ ಇಬ್ಬರೂ ನಕ್ಕೆವು. ಆದರೆ ನಗುವಿನ ಒಳಗೆ ನನಗೆ ಕಸಿವಿಸಿ ಆಗುತ್ತಿತ್ತು. ಇಷ್ಟು ವರ್ಷ ನಾನು ಗ್ರಹಗಳನ್ನು ಮೆಲ್ಕಾರಿನ ಅಂಗಡಿಗಳ ಹಾಗೆ ನೋಡಿದ್ದೆ. ಬೇಕರಿಯ ಪಕ್ಕ ಮೊಬೈಲ್ ಅಂಗಡಿ ಬಂದರೂ ಒಂದೇ, ಮೆಡಿಕಲ್ ಬಂದರೂ ಒಂದೇ. ಅಲ್ಲಿ ಪ್ರತಿಯೊಂದಕ್ಕೂ ತಾನಿದ್ದ ಜಾಗದಲ್ಲಿ ಇರಲು ಕಾರಣ ಉಂಟು ಎಂದು ನನಗೆ ಯಾರೂ ಹೇಳಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ. ಹೊರಡುವಾಗ ಮಾಷ್ಟ್ರು ಗೇಟಿನವರೆಗೆ ಬಂದು, "ಮಗು ಅಷ್ಟು ಗಟ್ಟಿ ಮನಸ್ಸಿನಲ್ಲಿ ಹೇಳಿತು, ತಪ್ಪು ಅಂತ ಹೇಳ್ಲಿಕ್ಕೆ ನನಗೇ ಬೇಜಾರಾಯ್ತು. ಹಾಗೆ ಬಿಡ್ಲಿಕ್ಕೂ ಆಗುದಿಲ್ಲ ಅಲ್ವಾ" ಎಂದರು.

ಮನೆಗೆ ಬಂದು ಮಗಳನ್ನು ಕರೆದು ಹೇಳಿದೆ: ಮಾಷ್ಟ್ರು ಹೇಳಿದ್ದು ಸರಿ, ತಪ್ಪು ನನ್ನದು. ಇಷ್ಟು ಒಪ್ಪಿಕೊಂಡರೆ ಅವಳು ಬಂದು ಕೊರಳಿಗೆ ಜೋತು ಬೀಳುತ್ತಾಳೆ ಎಂದು ನಾನು ಎಣಿಸಿದ್ದೆ. ಅವಳು ಕೇಳಿದ್ದು ಬೇರೆ.

"ಪುಸ್ತಕದಲ್ಲಿ ಸರಿ ಇತ್ತಾ?"

"ಇತ್ತು."

"ನೀವು ನೋಡಿದ್ದೀರಾ?"

"ನೋಡಿದ್ದೇನೆ."

"ಮತ್ತೆ ಯಾಕೆ ಬದಲಾಯಿಸಿದ್ದು?"

"ಗೋಡೆಯಲ್ಲಿ ಜಾಗ ಇರ್ಲಿಲ್ಲ."

"ಅಷ್ಟೇಯಾ?" ಎಂದಳು.

ಅಷ್ಟೇ ಎಂದೆ. ಅವಳು ಒಳಗೆ ಹೋದಳು. ಗೊತ್ತಿಲ್ಲದೆ ತಪ್ಪಿದ್ದರೆ ಅವಳು ಕ್ಷಮಿಸುತ್ತಿದ್ದಳು. ಗೊತ್ತಿದ್ದೂ, ಜಾಗ ಇಲ್ಲ ಎಂಬ ಒಂದು ಕಾರಣಕ್ಕೆ ತಪ್ಪಾಗಿ ಬರೆದ ಅಪ್ಪನನ್ನು ಏನು ಮಾಡಬೇಕೆಂದು ಅವಳಿಗೆ ತಿಳಿಯಲಿಲ್ಲ. ನನಗೂ ತಿಳಿಯಲಿಲ್ಲ.

ಅದುವರೆಗೆ ಅವಳು ಎಲ್ಲವನ್ನೂ ನನ್ನಲ್ಲೇ ಕೇಳುತ್ತಿದ್ದಳು. ವಿಮಾನ ಹೋದರೆ ಎಲ್ಲಿಗೆ ಹೋಗುವುದು, ನೇತ್ರಾವತಿ ಎಲ್ಲಿ ಹುಟ್ಟುವುದು, ಈ ಪದಕ್ಕೆ ಅರ್ಥ ಏನು. ಗೊತ್ತಿದ್ದದ್ದಕ್ಕೂ ಗೊತ್ತಿಲ್ಲದ್ದಕ್ಕೂ ನಾನು ಒಂದೇ ಧೈರ್ಯದಲ್ಲಿ ಉತ್ತರ ಕೊಡುತ್ತಿದ್ದೆ. ಆ ದಿನದಿಂದ ಪ್ರಶ್ನೆಗಳು ನಿಂತವು. ಮಾತು ಬಿಟ್ಟಳು ಎಂದಲ್ಲ. ಊಟಕ್ಕೆ ಕರೆಯುತ್ತಿದ್ದಳು, ಟವಲ್ ತಂದು ಕೊಡುತ್ತಿದ್ದಳು. ಕೇಳುವುದನ್ನು ಮಾತ್ರ ಬಿಟ್ಟಳು. ನನಗೆ ಅದು ತುಂಬಾ ನೋವು ಕೊಟ್ಟಿತು, ಮತ್ತು ಅದನ್ನು ಯಾರ ಹತ್ತಿರ ಹೇಳುವುದೆಂದೂ ಗೊತ್ತಾಗಲಿಲ್ಲ.

ಮೊದಲು ಸರಿಪಡಿಸಲು ಹೊರಟದ್ದು ಅವಳ ಶಾಲೆಯ ಗೋಡೆಯನ್ನು. ಶನಿವಾರ ಮಧ್ಯಾಹ್ನ, ಮಕ್ಕಳು ಮನೆಗೆ ಹೋದ ಮೇಲೆ ಸದ್ದಿಲ್ಲದೆ ಮಾಡಿ ಮುಗಿಸುವ ಅಂದಾಜು. ಹಿನ್ನೆಲೆಯ ನೀಲಿಯನ್ನು ಚುಕ್ಕಿಗಳ ಮೇಲೆ ಬಳಿದರೆ ಆಯಿತು, ಚುಕ್ಕಿಗಳನ್ನು ಮಂಗಳನ ಆಚೆ ಹಾಕಿದರೆ ಆಯಿತು. ಆದರೆ ಮೂರು ಮಳೆಗಾಲ, ಮೂರು ಬೇಸಗೆ ಕಂಡ ನೀಲಿಗೆ ಡಬ್ಬದಿಂದ ಈಗ ತೆಗೆದ ನೀಲಿ ಯಾವತ್ತೂ ಹೊಂದುವುದಿಲ್ಲ. ಬಿಳಿ ಬೆರೆಸಿದೆ, ಬೂದು ಬೆರೆಸಿದೆ, ಸ್ವಲ್ಪ ಹಳದಿಯನ್ನೂ ಬೆರೆಸಿ ನೋಡಿದೆ. ಒದ್ದೆ ಇರುವಾಗ ಹೊಂದಿದ್ದು ಒಣಗಿದ ಮೇಲೆ ಬೇರೆಯೇ ಆಯಿತು. ಭೂಮಿಗೂ ಮಂಗಳನಿಗೂ ನಡುವೆ ಒಂದೂವರೆ ಅಡಿಯ ಕಡುನೀಲಿ ತೇಪೆ ಎದ್ದು ಕಂಡಿತು. ಈ ಕೆಲಸದಲ್ಲಿ ಇಷ್ಟು ವರ್ಷ ಇದ್ದವನಿಗೆ ಅದು ಮೊದಲೇ ಗೊತ್ತಿರಬೇಕಿತ್ತು.

ಸೋಮವಾರ ಹೆಡ್ ಟೀಚರ್ ಫೋನ್ ಮಾಡಿದರು. "ಮಕ್ಕಳೆಲ್ಲ ಅಲ್ಲಿ ಎಂತ ಇತ್ತು, ಅಲ್ಲಿ ಎಂತ ಇತ್ತು ಅಂತ ಕೇಳ್ತಾ ಇದ್ದಾರೆ. ಇಡೀ ಗೋಡೆಗೆ ಹೊಸತಾಗಿ ಬರಿಯುವಾ, ಕಾಕಾ. ಬಣ್ಣ ನಾವು ತರಿಸ್ತೇವೆ. ಆಗ ಯಾರಿಗೂ ಗೊತ್ತಾಗುದಿಲ್ಲ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನಾನೂ ಹೂಂ ಎನ್ನುವವನಿದ್ದೆ. ಆದರೆ ಗೋಡೆ ಹೊಸತಾಗುತ್ತದೆ, ಮೂರು ವರ್ಷ ಆ ಜಗಲಿಯಲ್ಲಿ ನಡೆದಾಡಿ ಹೈಸ್ಕೂಲಿಗೆ ಹೋದ ಮಕ್ಕಳ ತಲೆಗೆ ಯಾವ ಬಣ್ಣ ಬಳಿಯುವುದು? ಅಲ್ಲದೆ ನಗೆಪಾಟಲಾದವಳು ನನ್ನ ಮಗಳು. ತಪ್ಪಿದವನು ಮರೆಯಲ್ಲಿ ನಿಂತರೆ ಅವಳೇ ತಪ್ಪಿದವಳಾಗಿ ಉಳಿಯುತ್ತಾಳೆ.

"ಟೀಚರ್, ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿಗೆ ನನಗೆ ಎರಡು ನಿಮಿಷ ಮಾತಾಡ್ಲಿಕ್ಕೆ ಬಿಡ್ತೀರಾ?" ಎಂದು ಕೇಳಿದೆ.

ಮರುದಿನ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಹೋದೆ. ಎರಡಾಳೆತ್ತರದ ಅಕ್ಷರ ಬರೆದವನು ನಾನು, ಇನ್ನೂರು ಮಕ್ಕಳ ಎದುರು ನಿಂತಾಗ ಕೈ ಎಲ್ಲಿಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡೆ. "ಆ ಗೋಡೆಯಲ್ಲಿ ತಪ್ಪು ಬರ್ದದ್ದು ನಾನು. ಪುಸ್ತಕದಲ್ಲಿ ಸರಿ ಇತ್ತು. ನಾನು ಮೊದಲು ಬರೆದ ಗೋಡೆಯಲ್ಲಿ ಜಾಗ ಇಲ್ಲ ಅಂತ ಬದಲು ಮಾಡಿದೆ, ಮತ್ತೆ ಎಲ್ಲ ಕಡೆ ಹಾಗೇ ಬರ್ದೆ. ನಿಮ್ಮ ಶಾಲೆಯಿಂದ ಕ್ವಿಜ್‌ಗೆ ಹೋದವಳು ಗೋಡೆಯಲ್ಲಿ ಇದ್ದದ್ದನ್ನು ಹೇಳಿದ್ಳು. ಸೋತದ್ದು ಅವಳಲ್ಲ, ನಾನು" ಎಂದೆ. ಆಮೇಲೆ ಮಾಷ್ಟ್ರು ಹೇಳಿಕೊಟ್ಟ ಹಾಗೆ, ಗುರು ಆ ಕಲ್ಲುಗಳನ್ನು ಒಂದಾಗಲು ಬಿಡದ ಕತೆಯನ್ನು ನನಗೆ ತಿಳಿದಷ್ಟು ಹೇಳಿದೆ. ಟೀಚರ್ ಚಪ್ಪಾಳೆ ತಟ್ಟಿಸಿದರು. ಮಗಳು ಏಳನೇ ಕ್ಲಾಸಿನ ಸಾಲಿನಲ್ಲಿ ಮೂರನೆಯವಳಾಗಿ ನಿಂತಿದ್ದಳು. ಅವಳು ಚಪ್ಪಾಳೆ ತಟ್ಟಲಿಲ್ಲ. ಕಾಲ ಬೆರಳು ನೋಡುತ್ತಿದ್ದಳು.

ಸಂಜೆ ಮನೆಯಲ್ಲಿ ಒಂದೇ ಮಾತು ಕೇಳಿದಳು. "ಬೇರೆ ಶಾಲೆಗಳಲ್ಲೂ ಹೇಳ್ತೀರಾ?"

ಬಹಳ ದಿನಗಳ ಮೇಲೆ ಅವಳಿಂದ ಬಂದ ಪ್ರಶ್ನೆ ಅದು. ಇಲ್ಲ ಎನ್ನಲು ಬಾಯಿ ಬರಲಿಲ್ಲ. ಹೌದು ಎಂದೆ.

ಇಪ್ಪತ್ತೊಂದು ಶಾಲೆ ಸುತ್ತಲು ಒಂದು ವರ್ಷಕ್ಕಿಂತ ಹೆಚ್ಚು ಬೇಕಾಯಿತು. ಕೆಲಸ ಇಲ್ಲದ ದಿನ ಸ್ಕೂಟರಿಗೆ ಬಣ್ಣದ ಡಬ್ಬ ಕಟ್ಟಿಕೊಂಡು ಹೋಗುವುದು, ಮಕ್ಕಳೆದುರು ಹೇಳುವುದು, ತೇಪೆ ಹಾಕುವುದು. ಪೊಳಲಿಯ ಕಡೆಯ ಒಂದು ಶಾಲೆಯಲ್ಲಿ ಒಬ್ಬರು ಮಾಷ್ಟ್ರು ನನ್ನನ್ನು ಬದಿಗೆ ಕರೆದು, "ನಾನು ಅವತ್ತೇ ನೋಡಿದ್ದೆ ಮಾರಾಯ್ರೇ, ನಿಮಗೆ ಬೇಜಾರಾಗ್ತದೆ ಅಂತ ಹೇಳ್ಲಿಲ್ಲ" ಎಂದರು. ಮತ್ತೆ ಎರಡು ಶಾಲೆಯಲ್ಲೂ ಇದೇ ಮಾತು ಕೇಳಿದೆ. ನಮ್ಮ ಕಡೆಯವರು ಹೀಗೆಯೇ. ಎದುರಿನವರು ಏನು ಎಣಿಸುತ್ತಾರೋ ಎಂದು ಬಾಯಿ ಬಿಡುವುದಿಲ್ಲ. ಪಾಠ ಮಾಡುವಾಗ ಮಕ್ಕಳಿಗೆ ಮಾತ್ರ ಗೋಡೆ ನೋಡಬೇಡಿ, ಪುಸ್ತಕ ನೋಡಿ ಎಂದು ಹೇಳಿ ಮುಗಿಸಿದ್ದರಂತೆ. ನನಗೆ ಸಿಟ್ಟು ಬಂತು. ಅವರು ಅವತ್ತೇ ಹೇಳಿದ್ದರೆ ನನ್ನ ಮಗಳು ಸಭೆಯಲ್ಲಿ ಎದ್ದು ನಿಲ್ಲುತ್ತಿರಲಿಲ್ಲ. ಆದರೆ ಆ ಸಿಟ್ಟನ್ನು ತೋರಿಸುವ ಮುಖ ನನಗೆಲ್ಲಿತ್ತು?

ಕೊಕ್ಕಡದ ಕಡೆಯ ಆ ಮೊದಲ ಶಾಲೆಗೂ ಹೋದೆ. ಕಿಟಕಿಯ ಮೇಲೆ ಎರಡಡಿ, ಕೆಳಗೆ ಮೂರಡಿ ಗೋಡೆ ಖಾಲಿ ಇತ್ತು. ಚುಕ್ಕಿಗಳನ್ನು ಕಿಟಕಿಯ ಮೇಲೂ ಕೆಳಗೂ ಹಂಚಿ ಹಾಕಿದರೆ ಸರಾಗವಾಗಿ ಹಿಡಿಯುತ್ತಿತ್ತು. ಅರ್ಧ ಗಂಟೆಯ ಕೆಲಸ. ಅವತ್ತು ಎರಡು ಹೆಜ್ಜೆ ಹಿಂದೆ ಸರಿದು ನೋಡಿದ್ದರೆ ಸಾಕಿತ್ತು.

ಬೆಳ್ತಂಗಡಿಯ ಒಂದು ಶಾಲೆಯಲ್ಲಿ ಒಬ್ಬಳು ಪುಟ್ಟ ಹುಡುಗಿ ಕೈಯೆತ್ತಿ, "ಇನ್ನೆಷ್ಟು ತಪ್ಪು ಉಂಟು?" ಎಂದು ಕೇಳಿದಳು. ಟೀಚರ್ ಗದರಿದರು. ನನಗೆ ಮಾತ್ರ ಆ ಪ್ರಶ್ನೆ ಸರಿಯೆನಿಸಿತು. ಮೂಡುಬಿದಿರೆಯ ಮಾಷ್ಟ್ರಿಗೆ ಫೋನ್ ಮಾಡಿ ಕೇಳಿದೆ. ಅವರು ಲೆಕ್ಕ ಮಾಡಿ ಹೇಳಿದರು: ಸೂರ್ಯನನ್ನು ಒಂದು ಮೀಟರ್ ಅಗಲಕ್ಕೆ ಬರೆದರೆ ಭೂಮಿ ಒಂದು ಬಟಾಣಿ ಕಾಳಿಗಿಂತ ದೊಡ್ಡದಾಗಬಾರದು, ಅದೂ ಸುಮಾರು ನೂರು ಮೀಟರ್ ದೂರದಲ್ಲಿ. ನೆಪ್ಚೂನ್ ಬರೆಯಲು ಶಾಲೆಯಿಂದ ಮೂರು ಕಿಲೋಮೀಟರಿಗಿಂತ ಆಚೆ ಗೋಡೆ ಹುಡುಕಬೇಕು. ಅಂದಮೇಲೆ ನನ್ನ ಗೋಡೆಗಳೆಲ್ಲ ಮೂಲದಲ್ಲೇ ಸುಳ್ಳು. ಅಂದಿನಿಂದ ಪ್ರತಿ ಸೌರಮಂಡಲದ ಕೆಳಗೂ ಸಣ್ಣ ಅಕ್ಷರದಲ್ಲಿ "ಗಾತ್ರ ಮತ್ತು ದೂರ ಅಳತೆಗೆ ತಕ್ಕಂತಿಲ್ಲ" ಎಂದು ಬರೆಯುತ್ತಿದ್ದೇನೆ. ಮೊದಲೇ ಬರೆದ ಗೋಡೆಗಳಿಗೂ ಹೋಗಿ ಸೇರಿಸಿದೆ.

ಹೀಗೆ ಎಲ್ಲಿ ಹೋದೆ, ಏನು ಹೇಳಿದೆ ಎಂದು ರಾತ್ರಿ ಊಟಕ್ಕೆ ಕೂತಾಗ ಹೆಂಡತಿಗೆ ಹೇಳುತ್ತಿದ್ದೆ. ಹೇಳುತ್ತಿದ್ದದ್ದು ಮಗಳಿಗೆ ಕೇಳಲಿ ಎಂದು. ಅವಳು ತಲೆ ತಗ್ಗಿಸಿ ಊಟ ಮಾಡುತ್ತಿದ್ದಳು, ಮಧ್ಯದಲ್ಲಿ ಎದ್ದು ಹೋಗುತ್ತಿರಲಿಲ್ಲ. ಇಪ್ಪತ್ತೊಂದೂ ಮುಗಿಯಿತು ಎಂದು ಹೇಳಿದ ದಿನವೂ ಅವಳು ಊಟ ಮುಗಿಸಿ, ತಟ್ಟೆ ತೊಳೆದಿಟ್ಟು ಓದಲು ಹೋದಳು. ಇನ್ನೇನು ಮಾಡಬೇಕೆಂದು ನನಗೆ ಹೊಳೆಯಲಿಲ್ಲ. ಮಾಡಲು ಉಳಿದದ್ದೂ ಏನಿರಲಿಲ್ಲ.

ಈ ಬೇಸಗೆ ರಜೆಯಲ್ಲಿ ಮೂಡುಬಿದಿರೆಯ ಹತ್ತಿರದ ಒಂದು ಶಾಲೆಯವರು ಹೊಸ ಸೌರಮಂಡಲ ಕೇಳಿದರು. ಹೊರಡುವ ಬೆಳಿಗ್ಗೆ ನಾನು ಡಬ್ಬ ಕಟ್ಟುತ್ತಿರುವಾಗ ಮಗಳು ಚಪ್ಪಲಿ ಹಾಕಿಕೊಂಡು ಅಂಗಳಕ್ಕೆ ಬಂದು, "ನಾನೂ ಬರ್ತೇನೆ" ಎಂದಳು. ಕಂಕುಳಲ್ಲಿ ಲೈಬ್ರರಿಯಿಂದ ತಂದ ಒಂದು ದಪ್ಪ ಪುಸ್ತಕ. ಈಗ ಅವಳು ಎಂಟು ಮುಗಿಸಿದ್ದಾಳೆ. ಯಾಕೆ ಎಂದು ನಾನು ಕೇಳಲಿಲ್ಲ. ಕೇಳಿದರೆ ಎಲ್ಲಿ ಮನಸ್ಸು ಬದಲಾಯಿಸುತ್ತಾಳೋ ಎಂಬ ಹೆದರಿಕೆ.

ನಾನು ಚಾಕಿನಲ್ಲಿ ಉರುಟು ಹಾಕುತ್ತ ಹೋದೆ. ಅವಳು ಮೆಟ್ಟಿಲ ಮೇಲೆ ಕೂತು ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಒಂದೊಂದನ್ನೂ ನೋಡಿದಳು. ಬುಧ, ಸರಿ. ಶುಕ್ರ, ಸರಿ. ಭೂಮಿ ಆದ ಮೇಲೆ ನಡುವೆ ಏನೂ ಹಾಕದೆ ಮಂಗಳನ ಉರುಟು ಹಾಕಿದೆ. ಅವಳು ಪುಟ ನೋಡಿ, ಗೋಡೆ ನೋಡಿ, ಮತ್ತೆ ಪುಟ ನೋಡಿ, ಹೂಂ ಎಂದಳು. ಮೊದಲು ನಾನು ಹೇಳಿದ್ದನ್ನು ಅವಳು ಕಣ್ಣು ಮುಚ್ಚಿ ನಂಬುತ್ತಿದ್ದಳು. ಆ ಕಾಲ ಹೋಯಿತು, ಇನ್ನು ಬರುವುದಿಲ್ಲ. ಅದನ್ನು ಹೋಗಲಾಡಿಸಿದವನು ನಾನೇ ಎಂಬ ದುಃಖ ನನಗೆ ಇದೆ.

ಮಧ್ಯಾಹ್ನದ ಹೊತ್ತಿಗೆ ಗ್ರಹಗಳೆಲ್ಲ ಬಣ್ಣ ತುಂಬಿ ಮುಗಿದವು. ಶನಿಯ ಬಳೆಗೆ ಚಿನ್ನದ ಬಣ್ಣ ಕೊಟ್ಟು ಏಣಿಯಿಂದ ಇಳಿದೆ. ಹೇಗುಂಟು ಎಂದು ಕೇಳಿದೆ. ಅವಳು ಪುಸ್ತಕದ ಒಂದು ಪುಟದ ಮೇಲೆ ಬೆರಳಿಟ್ಟುಕೊಂಡಿದ್ದಳು.

"ಬಳೆ ಶನಿಗೆ ಮಾತ್ರ ಅಲ್ಲ. ಗುರುವಿಗೂ ಉಂಟು, ಯುರೇನಸ್‌ಗೂ ಉಂಟು, ನೆಪ್ಚೂನ್‌ಗೂ ಉಂಟು. ಇಲ್ಲಿ ಕೊಟ್ಟಿದ್ದಾರೆ."

"ಅದು ಕಣ್ಣಿಗೆ ಕಾಣದಷ್ಟು ಸಪೂರ ಇರಬೇಕು. ಎಲ್ಲದಕ್ಕೂ ಬಳೆ ಹಾಕಿದ್ರೆ ಶನಿಯ ಚಂದ ಹೋಗ್ತದೆ."

"ಚಂದಕ್ಕೆ ಬರಿಯುವುದಾದ್ರೆ ಬೇರೆ ಎಂತಾದ್ರೂ ಬರೀರಿ" ಎಂದಳು.

ಒಂದು ಕ್ಷಣ ಕೋಪ ಮೂಗಿನ ತುದಿಗೆ ಬಂತು. ಇಪ್ಪತ್ತೆಂಟು ವರ್ಷ ಬ್ರಷ್ ಹಿಡಿದವನಿಗೆ ಹದಿಮೂರರ ಹುಡುಗಿ ಹೇಳುವ ಮಾತಾ? ಆಮೇಲೆ ಅವಳ ಮುಖ ನೋಡಿದೆ. ಅವಳು ಹಟಕ್ಕೆ ಹೇಳುತ್ತಿರಲಿಲ್ಲ. ನಾನು ಏನು ಮಾಡುತ್ತೇನೆ ಎಂದು ಕಾಯುತ್ತಿದ್ದಳು.

ಎಲ್ಲಕ್ಕಿಂತ ಸಪೂರದ ಬ್ರಷ್ ಹುಡುಕಿ ತೊಳೆದೆ. ಏಣಿಯನ್ನು ಗುರುವಿನ ಕೆಳಗೆ ಸರಿಸಿ ಹತ್ತಿದೆ. ಅವಳು ಎದ್ದು ಬಂದು ಪುಸ್ತಕವನ್ನು ಕಂಕುಳಲ್ಲಿ ಒತ್ತಿಕೊಂಡು ಎರಡೂ ಕೈಯಲ್ಲಿ ಏಣಿ ಹಿಡಿದು ನಿಂತಳು.

"ಸಪೂರಕ್ಕೆ ಸಾಕು ಉಪ್ಪಾ" ಎಂದಳು. "ದಪ್ಪ ಬರ್ದ್ರೆ ಅದೂ ತಪ್ಪಾಗ್ತದೆ."

ಸಪೂರಕ್ಕೇ ಬರೆದೆ.